ಸುಮನಹಳ್ಳಿಯ ಹೊಣೆ ಯಾರದು?

ಬೆಂಗಳೂರಿನ ಮಾಗಡಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವಲ್ಲಿ ಇರುವ ಮೇಲ್ಸೇತುವೆಯನ್ನು ದಿನವೂ ಸಾವಿರಾರು ವಾಹನಗಳು ದಾಟುತ್ತವೆ. 2019ರಲ್ಲಿ ಆ ಸೇತುವೆಯಲ್ಲಿ ರಂಧ್ರವೊಂದು ಕಾಣಿಸಿಕೊಂಡಾಗ, ಮತ್ತೆ 2022ರಲ್ಲಿ ಅಂಥದೇ ಇನ್ನೊಂದು ಬಾಯ್ದೆರೆದಾಗ, ಸುಮನಹಳ್ಳಿ ಎಂಬ ಹೆಸರು ನಗರದ ಎಲ್ಲರ ಬಾಯಲ್ಲೂ ಓಡಾಡಿತು. ಕಾಮಗಾರಿಯ ಗುಣಮಟ್ಟದ ಬಗ್ಗೆ, ಗುತ್ತಿಗೆದಾರರ ಬಗ್ಗೆ, ಪಾಲಿಕೆಯ ಎಂಜಿನಿಯರುಗಳ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಆದರೆ ಆ ಹೆಸರು ಎಲ್ಲಿಂದ ಬಂತು ಎಂದು ಕೇಳಿದವರು ವಿರಳ. ಸುಮನಹಳ್ಳಿ ಹಳೆಯ ಗ್ರಾಮದ ಹೆಸರಲ್ಲ. ಕುಷ್ಠರೋಗದಿಂದ ನರಳಿದವರಿಗಾಗಿ ಕಟ್ಟಿದ ಒಂದು ಪುನರ್ವಸತಿ ಕೇಂದ್ರದ ಹೆಸರು ಅದು. ಒಳ್ಳೆಯ ಮನಸ್ಸಿನವರ ಹಳ್ಳಿ ಎಂಬ ಅರ್ಥದಲ್ಲಿ ಇಟ್ಟ ಹೆಸರು. ನಗರ ಬೆಳೆದು ಆ ಆವರಣವನ್ನು ಸುತ್ತುವರಿದಾಗ ಹೆಸರನ್ನು ಬಸ್ ನಿಲ್ದಾಣಕ್ಕೂ ಮೇಲ್ಸೇತುವೆಗೂ ತೆಗೆದುಕೊಂಡಿತು; ಅಲ್ಲಿನ ಜನರನ್ನು ಮಾತ್ರ ತನ್ನವರೆಂದು ತೆಗೆದುಕೊಂಡಿತೇ ಎಂಬುದು ಬೇರೆಯೇ ಪ್ರಶ್ನೆ.

1970ರ ದಶಕದ ಉತ್ತರಾರ್ಧದಲ್ಲಿ, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ರಾಜಧಾನಿಯ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳ ಸಮಸ್ಯೆ ಸರ್ಕಾರವನ್ನು ಕಾಡುತ್ತಿತ್ತು. ಭಿಕ್ಷಾಟನೆಯನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ 1975ರಲ್ಲಿಯೇ ಬಂದಿತ್ತು. ಆದರೆ ಬೀದಿಯಿಂದ ಎಬ್ಬಿಸಿದವರ ಹುಣ್ಣನ್ನು ತೊಳೆಯುವವರು ಯಾರು ಎಂಬ ಪ್ರಶ್ನೆ ಉಳಿದೇ ಇತ್ತು. ಸರ್ಕಾರ ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯವನ್ನು ಕೋರಿತು. ಜಮೀನನ್ನು ಗುತ್ತಿಗೆಯ ಮೇಲೆ ಕೊಟ್ಟಿತು. ಚರ್ಚ್ ಸಂಸ್ಥೆಯನ್ನು ಕಟ್ಟಿತು. ಚಿಕಿತ್ಸೆ, ವಸತಿ, ಕೈಕಸುಬಿನ ತರಬೇತಿ, ಮಕ್ಕಳಿಗೆ ಶಿಕ್ಷಣ ಹೀಗೆ ಒಂದೊಂದಾಗಿ ಸೇರಿದವು. ನಂತರದ ವರ್ಷಗಳಲ್ಲಿ ಎಚ್‌ಐವಿ ಬಾಧಿತರಿಗೂ ಇತರ ಅಂಗವಿಕಲರಿಗೂ ಅಲ್ಲಿ ಆಶ್ರಯ ದೊರೆಯಿತು.

ಈ ಒಪ್ಪಂದದ ಸ್ವರೂಪವನ್ನು ಗಮನಿಸಬೇಕು. ಹೊಣೆ ಯಾರದು? ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ರಾಜ್ಯ ಸರ್ಕಾರದ್ದು. ಕೆಲಸ ಯಾರದು? ಚರ್ಚಿನದು. ಜಮೀನು ಸರ್ಕಾರದ್ದು, ದುಡಿಮೆ ಸನ್ಯಾಸಿನಿಯರದು, ಹಣ ಬಹುಪಾಲು ದಾನಿಗಳದು. ಇಂಥ ಏರ್ಪಾಡು ಒಂದು ತಲೆಮಾರಿನ ಕಾಲ ಸುಗಮವಾಗಿ ನಡೆಯಬಲ್ಲದು. ಆದರೆ ಅದನ್ನು ಹಿಡಿದು ನಿಲ್ಲಿಸಿದ್ದ ಒಂದೊಂದೇ ಕಂಬ ಸಡಿಲವಾದಾಗ ಏನಾಗುತ್ತದೆ ಎಂಬುದನ್ನು ನಾವು ಈಗ ಕೇಳಿಕೊಳ್ಳಬೇಕಾಗಿದೆ.

ಕುಷ್ಠರೋಗದ ಆರೈಕೆ ಚರ್ಚುಗಳ ಪಾಲಿಗೆ ಬಂದದ್ದು ಆಕಸ್ಮಿಕವೇನಲ್ಲ. ನಾರ್ವೆಯ ಹ್ಯಾನ್ಸೆನ್ ಈ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದು 1873ರಲ್ಲಿ. ಪಂಜಾಬಿನ ಅಂಬಾಲಾದಲ್ಲಿ ಕುಷ್ಠರೋಗಿಗಳ ಸ್ಥಿತಿಯನ್ನು ಕಂಡು ಮನಕರಗಿದ ಐರ್ಲೆಂಡಿನ ವೆಲ್ಲೆಸ್ಲಿ ಬೈಲಿ, ಇಂದು ಲೆಪ್ರಸಿ ಮಿಷನ್ ಎಂದು ಹೆಸರಾಗಿರುವ ಸಂಸ್ಥೆಗೆ ಅಡಿಪಾಯ ಹಾಕಿದ್ದು 1874ರಲ್ಲಿ. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಜೆಸ್ಯೂಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. ಹತ್ತು ವರ್ಷಗಳ ನಂತರ, 1890ರಲ್ಲಿ, ಅದಕ್ಕೆ ಕುಷ್ಠರೋಗಿಗಳ ಆಶ್ರಮವೊಂದು ಸೇರಿತು. ಅದೇ ಕಾಲದಲ್ಲಿ ಸರ್ಕಾರ ಏನು ಮಾಡುತ್ತಿತ್ತು? 1898ರಲ್ಲಿ ಬ್ರಿಟಿಷ್ ಸರ್ಕಾರ ಕುಷ್ಠರೋಗಿಗಳ ಕಾಯ್ದೆಯನ್ನು ತಂದಿತು. ಬೀದಿಯಲ್ಲಿ ಅಲೆಯುವ ನಿರ್ಗತಿಕ ರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಹಾಕುವ ಅಧಿಕಾರವನ್ನು ಅದು ಕೊಟ್ಟಿತು. ಆಗ ರೋಗಕ್ಕೆ ಮದ್ದೇ ಇರಲಿಲ್ಲ. ನಂತರ ಮದ್ದು ಬಂತು, ಸ್ವಾತಂತ್ರ್ಯ ಬಂತು. ಆದರೆ ಆ ಕಾಯ್ದೆ ಕೇಂದ್ರದ ಶಾಸನಪುಸ್ತಕದಿಂದ ತೊಲಗಲು 2016ರವರೆಗೆ ಕಾಯಬೇಕಾಯಿತು.

ಮಿಷನರಿಗಳ ಆಶ್ರಮಗಳನ್ನು ಪೂಜ್ಯಭಾವದಿಂದ ಮಾತ್ರ ನೋಡುವುದು ಇತಿಹಾಸಕ್ಕೆ ನ್ಯಾಯವಾಗದು. ಅವು ಕರುಣೆಯ ಮನೆಗಳಾಗಿದ್ದಂತೆಯೇ ಗೋಡೆಗಳ ಮನೆಗಳೂ ಆಗಿದ್ದವು. ಹಲವು ಆಶ್ರಮಗಳಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಇರಿಸುತ್ತಿದ್ದರು. ರೋಗವಿಲ್ಲದ ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿ ಪ್ರತ್ಯೇಕ ಮನೆಗಳಲ್ಲಿ ಬೆಳೆಸುತ್ತಿದ್ದರು. ಅಂದಿನ ವೈದ್ಯಕೀಯ ತಿಳಿವಳಿಕೆಯೂ ಅಂದಿನ ಧಾರ್ಮಿಕ ಕಟ್ಟುನಿಟ್ಟೂ ಇದಕ್ಕೆ ಕಾರಣ. ಆದರೆ ಇನ್ನೊಂದು ಸತ್ಯವನ್ನೂ ಮರೆಯಬಾರದು. ಮನೆಯವರು ಊರಾಚೆ ಗುಡಿಸಲು ಹಾಕಿಕೊಟ್ಟು ಕೈತೊಳೆದುಕೊಂಡಾಗ, ದೇವಸ್ಥಾನದ ಮೆಟ್ಟಿಲ ಮೇಲೆ ಬಿಡಿಗಾಸು ಎಸೆದು ಪುಣ್ಯ ಸಂಪಾದಿಸಿದೆವೆಂದು ನಾವು ತೃಪ್ತಿಪಟ್ಟಾಗ, ಆ ಕೈಕಾಲುಗಳನ್ನು ಮುಟ್ಟಿ ತೊಳೆದವರು ಇವರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಲ್ಲಿ ಮುರುಟಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಬಿಡಿಸಿ ತೋರಿಸಿದ್ದು ಇಡೀ ಜಗತ್ತಿನ ವೈದ್ಯಶಾಸ್ತ್ರಕ್ಕೆ ಪಾಠವಾಯಿತು. ವಾರೋರಾದ ಬಳಿ ಬಾಬಾ ಆಮ್ಟೆ ಅವರು ಆನಂದವನವನ್ನು ಕಟ್ಟಿ ಈ ಕರುಣೆ ಯಾವುದೇ ಒಂದು ಮತದ ಸೊತ್ತಲ್ಲವೆಂದು ತೋರಿಸಿದರು. ಅಂಥವರು ಇನ್ನಷ್ಟು ಮಂದಿ ಇದ್ದಿದ್ದರೆ ಚರ್ಚಿನ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ.

ಇನ್ನು ರೋಗದ ಕಥೆಗೆ ಬರೋಣ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಡ್ಯಾಪ್ಸೋನ್ ಎಂಬ ಒಂದೇ ಗುಳಿಗೆಯನ್ನು ವರ್ಷಗಟ್ಟಲೆ, ಕೆಲವರು ಜೀವನಪರ್ಯಂತ ನುಂಗಬೇಕಾಗಿದ್ದ ಕಾಲ ಹೋಗಿ, ಆರು ತಿಂಗಳಲ್ಲಿ ಅಥವಾ ಒಂದು ವರ್ಷದಲ್ಲಿ ಗುಣವಾಗುವ ಕಾಲ ಬಂತು. 1983ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದಾಗ ದೇಶದಲ್ಲಿ ಪ್ರತಿ 10,000 ಜನರಿಗೆ 57.8 ರೋಗಿಗಳಿದ್ದರು. 2005ರ ಡಿಸೆಂಬರ್ ವೇಳೆಗೆ ಅದು ಒಂದಕ್ಕಿಂತ ಕೆಳಗಿಳಿಯಿತು. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠರೋಗ ದೇಶದಿಂದ ನಿವಾರಣೆಯಾಯಿತೆಂದು ಸರ್ಕಾರ ಘೋಷಿಸಿತು. ಇದು ಸಣ್ಣ ಸಾಧನೆಯಲ್ಲ. ಹಳ್ಳಿಹಳ್ಳಿ ಸುತ್ತಿದ ಸಾವಿರಾರು ಕ್ಷೇತ್ರ ಕಾರ್ಯಕರ್ತರ ಬೆವರು ಅದರಲ್ಲಿದೆ. ನಮ್ಮ ಸರ್ಕಾರಿ ವ್ಯವಸ್ಥೆಯನ್ನು ಹಳಿಯುವುದೇ ಜಾಣತನವೆಂದು ತಿಳಿದವರು ಇದನ್ನು ನೆನಪಿಡಬೇಕು.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಯಾವ ಅಂಕಿಯನ್ನು ಕಂಡರೂ ಅದು ಯಾರನ್ನು ಎಣಿಸುತ್ತದೆ, ಯಾರನ್ನು ಬಿಡುತ್ತದೆ ಎಂದು ನೋಡುವ ಚಾಳಿ. ಈ ಲೆಕ್ಕದಲ್ಲಿ ರೋಗಿ ಎಂದರೆ ಚಿಕಿತ್ಸೆಯಲ್ಲಿರುವವನು ಮಾತ್ರ. ಕೊನೆಯ ಗುಳಿಗೆಯನ್ನು ನುಂಗಿದ ದಿನ ಅವನ ಹೆಸರು ವಹಿಯಿಂದ ಹೊರಬೀಳುತ್ತದೆ. ತೀವ್ರ ಬಗೆಯ ರೋಗಕ್ಕೆ 24 ತಿಂಗಳಿದ್ದ ಚಿಕಿತ್ಸೆಯ ಅವಧಿಯನ್ನು 1990ರ ದಶಕದ ಕೊನೆಯಲ್ಲಿ 12 ತಿಂಗಳಿಗೆ ಇಳಿಸಲಾಯಿತು. ವೈದ್ಯಕೀಯವಾಗಿ ಅದು ಸರಿಯಾದ ನಿರ್ಧಾರವೇ. ಆದರೆ ಅವಧಿ ಅರ್ಧಕ್ಕಿಳಿದರೆ ಯಾವುದೇ ಒಂದು ದಿನ ವಹಿಯಲ್ಲಿರುವ ಹೆಸರುಗಳ ಸಂಖ್ಯೆಯೂ ಇಳಿಯುತ್ತದೆ ಎಂಬುದು ಸರಳ ಗಣಿತ. ಹೊಸದಾಗಿ ಪತ್ತೆಯಾಗುವವರ ಸಂಖ್ಯೆಯನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ನಿವಾರಣೆಯ ಘೋಷಣೆಯಾಗಿ ಎರಡು ದಶಕಗಳು ಕಳೆಯುತ್ತ ಬಂದರೂ, 2022ರಲ್ಲಿಯೂ 2023ರಲ್ಲಿಯೂ ಭಾರತದಲ್ಲಿ ತಲಾ ಒಂದು ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು ಪತ್ತೆಯಾದವು. ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವೇ. 2027ರ ವೇಳೆಗೆ ಸೋಂಕಿನ ಹರಡುವಿಕೆಯನ್ನೇ ನಿಲ್ಲಿಸುವ ಗುರಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ಇಟ್ಟುಕೊಂಡಿತು. ಇಲ್ಲದ ರೋಗಕ್ಕೆ ಯಾರೂ ಗುರಿ ಇಟ್ಟುಕೊಳ್ಳುವುದಿಲ್ಲವಷ್ಟೆ.

ವಹಿಯಿಂದ ಹೊರಬಿದ್ದವರ ಪಾಡೇನು? ಗುಳಿಗೆ ಸೂಕ್ಷ್ಮಾಣುವನ್ನು ಕೊಲ್ಲುತ್ತದೆ; ಸತ್ತ ನರವನ್ನು ಬದುಕಿಸುವುದಿಲ್ಲ. ತಡವಾಗಿ ಪತ್ತೆಯಾದವರಿಗೆ ಅಂಗಾಲಿನಲ್ಲಿ ಸ್ಪರ್ಶಜ್ಞಾನವೇ ಇರುವುದಿಲ್ಲ. ಕಲ್ಲು ಚುಚ್ಚಿದ್ದೂ ಬಿಸಿಪಾತ್ರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಗಾಯ ಹುಣ್ಣಾಗುತ್ತದೆ, ಹುಣ್ಣು ಎಲುಬನ್ನು ಮುಟ್ಟುತ್ತದೆ. ಕಣ್ಣುರೆಪ್ಪೆ ಮುಚ್ಚದೆ ದೃಷ್ಟಿ ಹೋಗುತ್ತದೆ. ಇವರಿಗೆ ಬೇಕಾದದ್ದು ದುಬಾರಿ ಯಂತ್ರಗಳಲ್ಲ. ದಿನವೂ ಕಾಲನ್ನು ನೀರಿನಲ್ಲಿ ನೆನೆಸಿ, ಒರೆಸಿ, ಎಣ್ಣೆ ಸವರಿ, ಹುಣ್ಣಿಗೆ ಪಟ್ಟಿ ಕಟ್ಟುವ ತಾಳ್ಮೆಯ ಕೈಗಳು ಬೇಕು. ಮೆತ್ತನೆಯ ರಬ್ಬರ್ ಅಟ್ಟೆಯ ಚಪ್ಪಲಿ ಬೇಕು. ವಯಸ್ಸಾದ ಮೇಲೆ ಒಂದು ಸೂರು ಬೇಕು. ರೋಗದ ಚಿಕಿತ್ಸೆ ಒಂದು ವರ್ಷದ ಬಾಬತ್ತು. ಈ ಆರೈಕೆ ನಲವತ್ತು ವರ್ಷಗಳ ಬಾಬತ್ತು. ಒಂದು ವರ್ಷದ್ದನ್ನು ಸರ್ಕಾರ ಚೆನ್ನಾಗಿ ಮಾಡಿತು. ನಲವತ್ತು ವರ್ಷಗಳದ್ದನ್ನು ಸುಮನಹಳ್ಳಿಯಂಥ ಸಂಸ್ಥೆಗಳ ಮಡಿಲಿಗೆ ಹಾಕಿತು.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನಾನು ಈ ಹೊಣೆಗಾರಿಕೆಯ ಜಾರುವಿಕೆಯನ್ನು ಕಡತಗಳಲ್ಲಿ ಕಂಡಿದ್ದೇನೆ. ಸ್ವಯಂಸೇವಾ ಸಂಸ್ಥೆಯೊಂದಕ್ಕೆ ಕೊಡಬೇಕಾದ ಅನುದಾನದ ಕಡತ ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಆರ್ಥಿಕ ಇಲಾಖೆಗೆ, ಮತ್ತೆ ಸ್ಪಷ್ಟೀಕರಣ ಕೋರಿ ಮೊದಲಿನ ಮೇಜಿಗೆ ಪ್ರದಕ್ಷಿಣೆ ಹಾಕುವಷ್ಟರಲ್ಲಿ ಆರ್ಥಿಕ ವರ್ಷವೇ ಮುಗಿದುಹೋಗುತ್ತಿತ್ತು. ಆ ವರ್ಷದಲ್ಲಿ ಅಲ್ಲಿನ ನಿವಾಸಿಗಳೇನೂ ಊಟ ಬಿಟ್ಟಿರಲಿಲ್ಲ. ಯಾವನೋ ದಾನಿ ಕೊಟ್ಟಿದ್ದ, ಅಂಗಡಿಯವನು ಸಾಲ ಕೊಟ್ಟಿದ್ದ. ಮರುವರ್ಷ ಕಡತದ ಮೇಲೆ ಯಾರೋ ಒಬ್ಬರು ಟಿಪ್ಪಣಿ ಬರೆಯುತ್ತಿದ್ದರು: ಅನುದಾನವಿಲ್ಲದೆಯೂ ಸಂಸ್ಥೆ ಸಮರ್ಪಕವಾಗಿ ನಡೆಯುತ್ತಿರುವುದರಿಂದ ಪ್ರಸ್ತಾವನೆಯನ್ನು ಮರುಪರಿಶೀಲಿಸಬಹುದು. ಕಚೇರಿಯ ತರ್ಕದಲ್ಲಿ ಇದಕ್ಕೆ ಉತ್ತರವಿಲ್ಲ. ಬೇರೆಯವರ ಕರುಣೆಯನ್ನು ಖಜಾನೆಯ ಉಳಿತಾಯವೆಂದು ಎಣಿಸುವ ಲೆಕ್ಕಪತ್ರ ಇದು.

ಇನ್ನೊಂದು ಬಗೆಯ ಅನುಭವವೂ ಇದೆ. ಪಡಿತರ ಅಂಗಡಿಗಳಲ್ಲಿ ಬೆರಳಚ್ಚಿನ ಯಂತ್ರ ಬಂದ ಹೊಸತರಲ್ಲಿ, ಅರ್ಜಿಗಳ ವಿಲೇವಾರಿಯ ಸಭೆಯೊಂದಕ್ಕೆ ವಯಸ್ಸಾದ ದಂಪತಿ ಬಂದಿದ್ದರು. ಇಬ್ಬರಿಗೂ ರೋಗ ವಾಸಿಯಾಗಿ ದಶಕಗಳಾಗಿದ್ದವು. ಇಬ್ಬರ ಬೆರಳುಗಳೂ ಸವೆದುಹೋಗಿದ್ದವು. ಯಂತ್ರ ಅವರನ್ನು ಗುರುತಿಸಲು ಒಪ್ಪುತ್ತಿರಲಿಲ್ಲ. ಇಂಥವರಿಗೆ ವಿನಾಯಿತಿ ಕೊಡುವ ನಿಯಮ ಇತ್ತು. ಅದು ಅಂಗಡಿಯವನಿಗೆ ತಿಳಿದಿರಲಿಲ್ಲ, ತಿಳಿಸಬೇಕಾದವರು ತಿಳಿಸಿರಲಿಲ್ಲ. ಅವರ ಪರವಾಗಿ ಅರ್ಜಿ ಬರೆದು ಜೊತೆಗೆ ಬಂದವರು ಒಬ್ಬ ಸನ್ಯಾಸಿನಿ. ಅಂದು ನನಗೆ ಹೊಳೆದದ್ದು ಇಷ್ಟು: ಈ ಸಂಸ್ಥೆಗಳು ಕೊಡುವುದು ಅನ್ನ ಮತ್ತು ಔಷಧಿಯನ್ನು ಮಾತ್ರವಲ್ಲ, ಸರ್ಕಾರದ ಬಾಗಿಲನ್ನು ಬಡಿಯುವ ಕೈಯನ್ನೂ ಕೊಡುತ್ತವೆ. ಸಂಸ್ಥೆ ಇಲ್ಲದ ಕಡೆ ಇರುವವರ ಅರ್ಜಿಯನ್ನು ಬರೆಯುವವರು ಯಾರು?

ಕಾನೂನಿನ ಮಟ್ಟದಲ್ಲಿ ಪ್ರಗತಿಯಾಗಿಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಷ್ಠರೋಗದಿಂದ ಗುಣಮುಖರಾದವರನ್ನು ಸ್ಪಷ್ಟವಾಗಿ ಒಳಗೊಂಡಿದೆ. ಹೊರನೋಟಕ್ಕೆ ವಿಕಾರ ಕಾಣದಿದ್ದರೂ ಕೈಕಾಲಿನ ಸ್ಪರ್ಶ ಕಳೆದುಕೊಂಡವರನ್ನೂ ಅದು ಗುರುತಿಸುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಔಷಧಿಯ ಲಭ್ಯತೆಯಿಂದ ಹಿಡಿದು ಬಡತನ ರೇಖೆಯ ಪಡಿತರ ಚೀಟಿ, ಅಂಗವೈಕಲ್ಯ ಪ್ರಮಾಣಪತ್ರ, ಮಕ್ಕಳಿಗೆ ಶಾಲಾ ಪ್ರವೇಶದವರೆಗೆ ವಿವರವಾದ ನಿರ್ದೇಶನಗಳನ್ನು ಕೊಟ್ಟಿತು. 2019ರಲ್ಲಿ ಸಂಸತ್ತು ಐದು ವೈಯಕ್ತಿಕ ಕಾನೂನುಗಳಿಗೆ ತಿದ್ದುಪಡಿ ತಂದು, ಕುಷ್ಠರೋಗವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದುಹಾಕಿತು. ರೋಗ ಗುಣವಾಗುವ ಮದ್ದು ಬಂದು ಸುಮಾರು ನಾಲ್ಕು ದಶಕಗಳವರೆಗೂ ಅದು ವಿಚ್ಛೇದನಕ್ಕೆ ಸಾಕಾದ ಕಾರಣವಾಗಿ ಉಳಿದಿತ್ತು ಎಂಬುದನ್ನು ನೆನೆದರೆ, ಔಷಧಿಗಿಂತ ಮನಸ್ಸು ಎಷ್ಟು ನಿಧಾನ ಎಂಬುದು ಅರ್ಥವಾಗುತ್ತದೆ. ಆದರೆ ನಿರ್ದೇಶನ ದೆಹಲಿಯಿಂದ ತಾಲ್ಲೂಕು ಕಚೇರಿಗೆ ಇಳಿಯುವ ದಾರಿಯನ್ನು ನನ್ನಂಥವರು ಬಲ್ಲೆವು. ದಾರಿಯಲ್ಲಿ ಯಾರಾದರೂ ಅದರ ಬೆನ್ನುಹತ್ತಿ ಬರಬೇಕು.

ಈ ನಡುವೆ ಸಂಸ್ಥೆಗಳ ಆರ್ಥಿಕ ಅಡಿಪಾಯವೇ ಅಲುಗಾಡುತ್ತಿದೆ. ನಿವಾರಣೆಯಾಯಿತೆಂಬ ಘೋಷಣೆಯನ್ನು ಕೇಳಿದ ಹೊರದೇಶದ ದಾನಿ ಸಹಜವಾಗಿಯೇ ಬೇರೆ ಸಂಕಟದತ್ತ ತಿರುಗುತ್ತಾನೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಪಡೆದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ಹಂಚುವುದನ್ನು ನಿಷೇಧಿಸಿತು. ಹಣದ ದುರುಪಯೋಗವನ್ನು ತಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಸಂಸ್ಥೆ ಹಣ ತಂದು ದೂರದ ತಾಲ್ಲೂಕಿನ ಚಿಕ್ಕ ಸಂಸ್ಥೆಗೆ ಕೊಡುತ್ತಿದ್ದ ಕಾಲುವೆ ಇದರಿಂದ ಮುಚ್ಚಿಹೋಯಿತು. 2021ರ ಕ್ರಿಸ್‌ಮಸ್ ದಿನ ಮಿಷನರೀಸ್ ಆಫ್ ಚಾರಿಟಿಯ ನೋಂದಣಿ ನವೀಕರಣ ನಿರಾಕರಣೆಯಾಗಿ, ಎರಡೇ ವಾರಗಳಲ್ಲಿ ಮರಳಿ ಸಿಕ್ಕಿತು. ಜಗತ್ತೇ ಬಲ್ಲ ಹೆಸರಿದ್ದುದರಿಂದ ಅದು ಸುದ್ದಿಯಾಯಿತು. ಹೆಸರಿಲ್ಲದ ಸಂಸ್ಥೆಯ ಅರ್ಜಿ ಎಲ್ಲಿ ನಿಂತಿದೆಯೆಂದು ಕೇಳುವವರಿಲ್ಲ.

ಇಲ್ಲಿ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಬದಿಗೆ ಸರಿಸುವುದು ಪ್ರಾಮಾಣಿಕತೆಯಲ್ಲ. ಈ ಸೇವೆಯ ಹಿಂದೆ ಮತಾಂತರದ ಉದ್ದೇಶವಿಲ್ಲವೇ? ಹಸಿದವನ ಕೃತಜ್ಞತೆಯನ್ನು ನಂಬಿಕೆಯ ಕಡೆಗೆ ತಿರುಗಿಸುವುದು ಸುಲಭ. ಇತಿಹಾಸದಲ್ಲಿ ಹಾಗೆ ಆಗಿಲ್ಲವೆಂದು ಯಾರೂ ಹೇಳಲಾರರು. ಕಾನೂನಿನ ನಿಲುವು ಸ್ಪಷ್ಟವಾಗಿದೆ. ಧರ್ಮವನ್ನು ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟೇನ್ಸ್‌ಲಾಸ್ ಪ್ರಕರಣದಲ್ಲಿ ಹೇಳಿದೆ. ಬಲವಂತ ಅಥವಾ ಆಮಿಷ ನಡೆದಿದ್ದರೆ ಅದನ್ನು ಹೆಸರು, ದಿನಾಂಕ, ಸಾಕ್ಷ್ಯಗಳೊಡನೆ ವಿಚಾರಣೆಗೆ ಒಳಪಡಿಸಬೇಕು. ಆದರೆ ಸಂಶಯವೇ ಪುರಾವೆಯಾಗಬಾರದು. ನನ್ನ ದೃಷ್ಟಿಯಲ್ಲಿ ಈ ಆತಂಕಕ್ಕೆ ಇರುವ ಅತ್ಯುತ್ತಮ ಪರಿಹಾರ ಸಂಸ್ಥೆಗೆ ಬೀಗ ಹಾಕುವುದಲ್ಲ. ನಿವಾಸಿಯನ್ನು ಹಂಗಿನಿಂದ ಬಿಡಿಸುವುದು. ಅವನ ಊಟ, ಸೂರು, ಪಿಂಚಣಿ ಸರ್ಕಾರದಿಂದ ಹಕ್ಕಾಗಿ ಬಂದರೆ, ಅವನು ಯಾರ ದೇವರಿಗೂ ಋಣಿಯಾಗಬೇಕಿಲ್ಲ. ಹಂಗು ಇರುವಲ್ಲಿ ಮಾತ್ರ ಆಮಿಷಕ್ಕೆ ಬೆಲೆ. ಚರ್ಚಿನ ಸೇವೆಯನ್ನು ಸಂಶಯಿಸುವವರೇ ಸರ್ಕಾರದ ಹೊಣೆಗಾರಿಕೆಗಾಗಿ ಎಲ್ಲರಿಗಿಂತ ಗಟ್ಟಿಯಾಗಿ ಒತ್ತಾಯಿಸಬೇಕಲ್ಲವೇ?

ಚರ್ಚಿಗೂ ಒಂದು ಮಾತು ಹೇಳಬೇಕಾಗಿದೆ. ಸರ್ಕಾರಿ ಭೂಮಿಯ ಮೇಲೆ ನಡೆಯುವ ಸೇವೆಗೆ ಸಾರ್ವಜನಿಕ ಲೆಕ್ಕ ಇರಲೇಬೇಕು. ಎಷ್ಟು ಎಕರೆಯಲ್ಲಿ ಏನು ನಡೆಯುತ್ತಿದೆ, ಎಷ್ಟು ಮಂದಿ ನಿವಾಸಿಗಳಿದ್ದಾರೆ, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಕೇಳದೆಯೇ ಪ್ರಕಟವಾಗಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಂಥ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಪಾದ್ರಿಗಳಿರುತ್ತಾರೆ, ಗಣ್ಯರಿರುತ್ತಾರೆ, ಕೆಲವೊಮ್ಮೆ ನಮ್ಮಂಥ ನಿವೃತ್ತ ಅಧಿಕಾರಿಗಳೂ ಇರುತ್ತಾರೆ. ರೋಗವನ್ನು ಅನುಭವಿಸಿ ಗುಣವಾದವರು ಇರುವುದು ಅಪರೂಪ. ದಶಕಗಳ ಕಾಲ ಅಲ್ಲಿ ಬದುಕಿದವರಿಗೆ ಅಲ್ಲಿನ ನಿರ್ಧಾರಗಳಲ್ಲಿ ಧ್ವನಿ ಇಲ್ಲವೆಂದರೆ ಅವರು ಫಲಾನುಭವಿಗಳಾಗಿಯೇ ಉಳಿಯುತ್ತಾರೆ, ಪ್ರಜೆಗಳಾಗುವುದಿಲ್ಲ.

ಈ ವಿಷಯ ಇಂದು ತುರ್ತಿನದಾಗಿರುವುದಕ್ಕೆ ಒಂದು ನೇರವಾದ ಕಾರಣವಿದೆ: ಭೂಮಿ. ಕುಷ್ಠರೋಗಿಗಳಿಗೆಂದು ಅಂದು ಊರಾಚೆಯ ಜಮೀನನ್ನು ಕೊಟ್ಟದ್ದು ಅದಕ್ಕೆ ಬೆಲೆ ಇಲ್ಲದಿದ್ದುದರಿಂದ. ಇಂದು ಊರು ಅದನ್ನು ದಾಟಿ ಹೋಗಿದೆ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟ ಮೆಟ್ರೊ ಮೂರನೇ ಹಂತದ ಎರಡು ಮಾರ್ಗಗಳಲ್ಲಿ ಒಂದು ಪಶ್ಚಿಮದ ಹೊರವರ್ತುಲ ರಸ್ತೆಯುದ್ದಕ್ಕೂ, ಇನ್ನೊಂದು ಮಾಗಡಿ ರಸ್ತೆಯುದ್ದಕ್ಕೂ ಹಾದುಹೋಗಲಿವೆ. ಅವೆರಡೂ ಸಂಧಿಸುವ ಜಾಗದ ಚದರಡಿಯ ದರ ಎಷ್ಟಾದೀತೆಂದು ಊಹಿಸಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ದೇಶದಾದ್ಯಂತ ಇರುವ ಏಳುನೂರಕ್ಕೂ ಹೆಚ್ಚು ಕುಷ್ಠ ಕಾಲೊನಿಗಳಲ್ಲಿ ಅನೇಕವುಗಳ ಕಥೆ ಇದೇ. ಎರಡು ಮೂರು ತಲೆಮಾರು ಬಾಳಿದ ಮನೆಗೂ ಹಕ್ಕುಪತ್ರವಿಲ್ಲ. ಗುತ್ತಿಗೆಗೆ ಅವಧಿ ಇದೆ; ಕತ್ತರಿಸಿದ ಕಾಲಿಗೆ ಅವಧಿ ಇಲ್ಲ. ನಾಳೆ ಸರ್ಕಾರಕ್ಕೂ ಸಂಸ್ಥೆಗೂ ಜಮೀನಿನ ವ್ಯಾಜ್ಯವೆದ್ದರೆ ನ್ಯಾಯಾಲಯದಲ್ಲಿ ಎರಡು ಕಕ್ಷಿಗಳಿರುತ್ತವೆ. ಅಲ್ಲಿ ವಾಸಿಸುವವರು ಎರಡರಲ್ಲೂ ಇರುವುದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ರಾಜ್ಯದಲ್ಲಿರುವ ಕುಷ್ಠರೋಗ ಪುನರ್ವಸತಿ ಆವರಣಗಳ ನಿವಾಸಿಗಳನ್ನು ಹೆಸರು ಹೆಸರಾಗಿ ಗಣತಿ ಮಾಡಿ, ಅವರು ಬದುಕಿರುವವರೆಗೂ ಅಲ್ಲಿಂದ ಎಬ್ಬಿಸಲಾಗದ ವಾಸದ ಹಕ್ಕನ್ನು ಕೊಡಬೇಕು. ಜಮೀನಿನ ಒಡೆತನದ ವಿವಾದ ಏನೇ ಇರಲಿ, ಈ ಹಕ್ಕು ಅದಕ್ಕೆ ಬದ್ಧವಾಗಬಾರದು. ಎರಡನೆಯದಾಗಿ, ಅನುದಾನ ಎಂಬ ಕೃಪೆಯ ಭಾಷೆಯನ್ನು ಬಿಟ್ಟು ಸೇವಾ ಒಪ್ಪಂದದ ಭಾಷೆಗೆ ಬರಬೇಕು. ಇಷ್ಟು ಮಂದಿಯ ಹುಣ್ಣಿನ ಆರೈಕೆ, ಇಷ್ಟು ಜೊತೆ ಚಪ್ಪಲಿ, ಇಷ್ಟು ವೃದ್ಧರ ವಸತಿ ಎಂದು ನಿಗದಿಪಡಿಸಿ, ವಾಸ್ತವ ವೆಚ್ಚವನ್ನು ಮೂರು ತಿಂಗಳಿಗೊಮ್ಮೆ ಕೊಟ್ಟು, ಲೆಕ್ಕ ಕೇಳಬೇಕು. ಒಪ್ಪಂದ ಯಾವ ಮತದ ಸಂಸ್ಥೆಯೊಡನೆ ಆದರೂ ಶರತ್ತುಗಳು ಒಂದೇ ಇರಬೇಕು. ಮೂರನೆಯದಾಗಿ, ಅಂಗವೈಕಲ್ಯದ ಪ್ರಮಾಣಪತ್ರ, ಪಿಂಚಣಿ, ಬೆರಳಚ್ಚಿನ ವಿನಾಯಿತಿಗಳನ್ನು ನಿವಾಸಿ ಕಚೇರಿಗೆ ಅಲೆದು ಪಡೆಯುವ ಬದಲು, ವರ್ಷಕ್ಕೊಮ್ಮೆ ಅಧಿಕಾರಿಗಳೂ ವೈದ್ಯರೂ ಅವನಿದ್ದಲ್ಲಿಗೆ ಹೋಗಿ ಕೊಡಬೇಕು. ನಾಲ್ಕನೆಯದಾಗಿ, ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಗುಣಮುಖರಾದವರಿಗೆ ಸ್ಥಾನವಿರಬೇಕೆಂಬುದನ್ನು ಒಪ್ಪಂದದ ಶರತ್ತಾಗಿಸಬೇಕು. ಜೊತೆಗೆ, ಆರಂಭದ ಹಂತದಲ್ಲಿಯೇ ರೋಗವನ್ನು ಗುರುತಿಸುವ ತರಬೇತಿಯನ್ನು ಕಿರಿಯ ವೈದ್ಯರಿಗೆ ಕೊಡಬೇಕು. ರೋಗ ಇಲ್ಲವೆಂದು ನಂಬಿದ ವೈದ್ಯ ಮಗುವಿನ ಬೆನ್ನಿನ ಮೇಲಿನ ಮಸುಕು ಮಚ್ಚೆಯನ್ನು ಕಂಡರೂ ಕಾಣುವುದಿಲ್ಲ.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ರೋಗ ಇಳಿಮುಖವಾದಂತೆ ಪ್ರತಿ ರೋಗಿಯ ಮೇಲಿನ ವೆಚ್ಚ ಏರುತ್ತದೆ ಎಂಬುದು ನಿಜ. ಕಟ್ಟಕಡೆಯವನನ್ನು ತಲುಪುವುದು ಎಂದೂ ದುಬಾರಿಯೇ. ಆದರೆ ಒಟ್ಟು ಮೊತ್ತ ದೊಡ್ಡದಲ್ಲ. ಇವರು ಮುದುಕರಾಗುತ್ತಿರುವ ಪುಟ್ಟ ಸಮುದಾಯ. ಹೊಸ ರೋಗಿಗಳನ್ನು ಬೇಗ ಪತ್ತೆಹಚ್ಚಿದರೆ ಅಂಗವಿಕಲರ ಸಂಖ್ಯೆ ತಾನಾಗಿ ಕುಗ್ಗುತ್ತದೆ. ಒಂದು ಮೇಲ್ಸೇತುವೆಯ ರಂಧ್ರ ಮುಚ್ಚಲು ನಾವು ತೋರಿದ ಅವಸರದ ಒಂದು ಪಾಲು ಸಾಕು.

ಸರ್ಕಾರ ಕೈಯಾಡಿಸಲು ಹಿಂಜರಿದ ಕೆಲಸವನ್ನು ಚರ್ಚು ನೂರೈವತ್ತು ವರ್ಷಗಳಿಂದ ಮಾಡಿದೆ. ಅದಕ್ಕಾಗಿ ನಾವು ಕೃತಜ್ಞರಾಗಿರೋಣ. ಆದರೆ ಕೃತಜ್ಞತೆ ಹೊಣೆಗಾರಿಕೆಗೆ ಬದಲಿಯಾಗಲಾರದು. ಸುಮನಹಳ್ಳಿಯ ಜನ ಚರ್ಚಿನ ಅತಿಥಿಗಳೂ ಅಲ್ಲ, ಸರ್ಕಾರದ ಅನಪೇಕ್ಷಿತ ಬಾಡಿಗೆದಾರರೂ ಅಲ್ಲ. ಈ ನಗರದ ಮತದಾರರು. ಗುತ್ತಿಗೆಯ ಕಡತ ಮುಂದಿನ ಸಲ ಯಾವುದೇ ಮೇಜಿನ ಮೇಲೆ ಬಂದಾಗ, ಎಕರೆಗಳ ಲೆಕ್ಕಕ್ಕೆ ಮೊದಲು ಅಲ್ಲಿ ವಾಸಿಸುವವರ ಹೆಸರುಗಳ ಪಟ್ಟಿಯನ್ನು ಲಗತ್ತಿಸುವಂತೆ ಆ ಅಧಿಕಾರಿ ಟಿಪ್ಪಣಿ ಬರೆಯಲಿ. ಉಳಿದ ತೀರ್ಮಾನಗಳೆಲ್ಲ ಆ ಪಟ್ಟಿಯನ್ನು ಓದಿದ ಮೇಲೆ ಆಗಲಿ.